ಓಬಳಪ್ಪನ ಗುಡ್ಡ ಎತ್ತರವಿದ್ದಾಗ

ಬಿಸಿಲಿಗೆ ಕಾದ ಕೆಂಪು ಮಣ್ಣಿನ ಮೇಲೆ ನಾಲ್ಕು ಹನಿ ಬಿದ್ದರೆ ಏಳುವ, ತುಕ್ಕು ಹಿಡಿದ ಬಾವಿ ರಾಟೆಯಂಥ ವಾಸನೆ ಸಂಡೂರು ಸೀಮೆಯವರಿಗೆಲ್ಲ ಗೊತ್ತು. ಕಳೆದ ತಿಂಗಳು ನಮ್ಮ ತಾಲ್ಲೂಕಿನ ಅತಿ ಎತ್ತರದ ಜಾಗದಲ್ಲಿ ಜೀಪಿನಿಂದ ಇಳಿದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಹೌದು, ಈಗ ಜೀಪು ನೆತ್ತಿಯವರೆಗೂ ಹೋಗುತ್ತದೆ. ಅಲ್ಲೊಂದು ಸಿಮೆಂಟಿನ ಕೊಡೆ, ಅದರ ಕೆಳಗೆ ಬೆಂಚು, ಬೆಂಚಿನ ಕೆಳಗೆ ಚಿಪ್ಸಿನ ಖಾಲಿ ಪೊಟ್ಟಣಗಳು, ಪಕ್ಕದಲ್ಲಿ ‘ಅತಿ ಎತ್ತರದ ಸ್ಥಳ’ ಎಂಬ ಹಸಿರು ಫಲಕ. ಹೊಸಪೇಟೆಯಿಂದ ಬಂದ ಹುಡುಗರು ಫಲಕದ ಮುಂದೆ ಯುದ್ಧ ಗೆದ್ದವರ ಹಾಗೆ ಕೈಯೆತ್ತಿ ನಿಂತಿದ್ದರು. ಅವರ ಬೂಟಿಗೆ ದೂಳು ಕೂಡ ಹತ್ತಿರಲಿಲ್ಲ.

ಈ ಗುಡ್ಡದ ಬುಡದಲ್ಲಿ, ಯಶವಂತನಗರದಿಂದ ಸ್ವಲ್ಪ ದೂರದಲ್ಲಿ, ನನ್ನ ತಾತನ ಮನೆಯಿತ್ತು. ಎಷ್ಟು ಒಗೆದರೂ ಕೆಂಪು ಬಿಡದ ಧೋತರಗಳು, ಹುಣಸೆಹಣ್ಣು ತುಂಬಿದ ಗಡಿಗೆಗಳು, ಬೇಸಿಗೆ ರಜೆಗೆ ಬಂದು ಬೀಳುವ ನಾವು ಮೊಮ್ಮಕ್ಕಳು. ಕಣಿವೆಯಾಚೆಯ ಗುಡ್ಡದ ಬುಡದಲ್ಲಿ ತಾತನ ಗೆಳೆಯ ಓಬಳಪ್ಪ ಇದ್ದ. ಯಾರ ಗುಡ್ಡ ದೊಡ್ಡದೆಂದು ಸಂತೆಯಲ್ಲಿ ಇಬ್ಬರಿಗೂ ಪ್ರತಿ ವಾರ ಜಗಳ. ಒಂದು ಸಲ ಅಳತೆಯವನೊಬ್ಬ ಯಂತ್ರ ಹೂಡಿ ನೋಡಿ, ಓಬಳಪ್ಪನ ಗುಡ್ಡವೇ ಒಂದಾಳು ಎತ್ತರ ಹೆಚ್ಚು ಎಂದುಬಿಟ್ಟ. “ಏನ್ ಗೌಡ, ನಿನ್ನ ಗುಡ್ಡಕ್ಕೊಂದು ಏಣಿ ಹಾಕ್ಸಲೇನು?” ಎಂದು ಓಬಳಪ್ಪ ಸಂತೆ ತುಂಬ ನಗಾಡಿದ. ಅಂದಿನಿಂದ ನಮ್ಮ ಮನೆಗೊಂದು ಕಾನೂನು ಬಂತು: ಗುಡ್ಡ ಹತ್ತುವವರು ಬುಡದಿಂದ ಒಂದೊಂದು ಕಲ್ಲು ಹೊತ್ತೊಯ್ದು ನೆತ್ತಿಯ ಗುಪ್ಪೆಗೆ ಹಾಕಬೇಕು. ಮನೆಗೆ ಬಂದ ನೆಂಟರಿಗೂ ಬಿಡುಗಡೆಯಿರಲಿಲ್ಲ. “ಗುಡ್ಡದ ಕಲ್ಲು ಗುಡ್ಡಕ್ಕ ಹೊತ್ತು ಹಾಕಾಕ ಇಷ್ಟು ಮಂದಿ ಬೇಕೇನ್ರಿ?” ಎಂದು ಅಜ್ಜಿ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು. ದಿನಾಂಕ ಹಾಕಿ, ಗೆರೆ ಎಳೆದು ಲೆಕ್ಕ ಬರೆಯುವ ಚಟ ನನಗೆ ಆಗಲೇ ಇತ್ತು. ಸಂಜೆ ತಾತ ಗಂಭೀರವಾಗಿ, “ಇವತ್ತೆಷ್ಟಾತು, ಯವ್ವಾ?” ಎನ್ನುತ್ತಿದ್ದ. ನಾನು ಅಷ್ಟೇ ಗಂಭೀರವಾಗಿ ಡೈರಿ ನೋಡಿ ಹೇಳುತ್ತಿದ್ದೆ. ಒಂದಾಳು ಎತ್ತರಕ್ಕೆ ಇನ್ನೂ ಮೊಣಕಾಲಷ್ಟು ಬಾಕಿಯಿದೆ ಎಂದು ಒಂದು ಬೇಸಿಗೆಯಲ್ಲಿ ನಾವು ನಿಜವಾಗಿಯೂ ನಂಬಿದ್ದೆವು.

ಆಮೇಲೆ ಎದುರು ಗುಡ್ಡಕ್ಕೆ ಗಣಿ ಬಂತು. ಮಧ್ಯಾಹ್ನ ಅಲ್ಲಿ ಸಿಡಿಮದ್ದು ಸಿಡಿದರೆ ಇಲ್ಲಿ ನಮ್ಮ ಗೋಡೆಯ ನಾಗೊಂದಿಗೆ ಹಲಗೆಯ ಮೇಲಿನ ತಟ್ಟೆಗಳು ಗಲಗಲ ಎನ್ನುತ್ತಿದ್ದವು. ರಜೆಯಿಂದ ರಜೆಗೆ ಆ ಗುಡ್ಡ ಕುಗ್ಗಿತು. ಓಬಳಪ್ಪ ಮನೆ ಬಿಟ್ಟು ಕುರೆಕುಪ್ಪದಲ್ಲಿದ್ದ ಮಗಳ ಮನೆ ಸೇರಿದ, ಸಂತೆಗೆ ಬರುವುದೂ ನಿಂತಿತು. ಒಂದು ಬೆಳಗ್ಗೆ ನನ್ನ ಚಿಕ್ಕಪ್ಪ, ಆ ಗಣಿಗೇ ಲಾರಿ ಓಡಿಸುತ್ತಿದ್ದವನು, ಸ್ವೀಟಿನ ಡಬ್ಬಿ ಹಿಡಿದು ಬಂದ. “ಅಪ್ಪಾ, ಇನ್ ಮ್ಯಾಲೆ ನಮ್ಮ ಗುಡ್ಡಾನ ನಂಬರ್ ಒನ್. ಬಾಯಿ ಸಿಹಿ ಮಾಡ್ಕೋ.”

ತಾತ ಡಬ್ಬಿ ಮುಟ್ಟಲಿಲ್ಲ. “ಎದುರಿಗಿದ್ದವನ ತಲಿ ತೆಗೆದು, ನಾನ ಎತ್ತರ ಅಂತ ಕುಣೀಬೇಕೇನಲೇ?” ಎಂದ. ಮತ್ತೆಂದೂ ಗುಡ್ಡ ಹತ್ತಲಿಲ್ಲ. ಸಂತೆಯ ದಿನ ಧೋತರ ಉಟ್ಟು, ಚೀಲ ಹಿಡಿದು, ಬಾಗಿಲವರೆಗೆ ಹೋಗಿ, ಬೈಯಲು ಅಲ್ಲಿ ಯಾರಿದ್ದಾರೆ ಎಂಬಂತೆ ತಿರುಗಿ ಬಂದು ಕೂರುತ್ತಿದ್ದ. ಹಾಗೇ ಕೂತು ಮುಗಿದುಹೋದ. ಅಜ್ಜಿಯೂ ಹೋದಳು. ಮನೆಯಿದ್ದ ಜಾಗದಲ್ಲಿ ಈಗ ಲಾರಿಗಳು ತಿರುಗುತ್ತವೆ.

ಯಾರನ್ನೂ ಸೋಲಿಸದೆ ಗೆದ್ದ ಈ ನೆತ್ತಿಗೆ ಫಲಕ ಹಾಕಿದವರನ್ನು ಕಂಡರೆ ನನಗೆ ಅಸಹ್ಯ. ಬಣ್ಣ ಬಳಿಯುವ ಮೊದಲು ಒಮ್ಮೆ ಕಣ್ಣೆತ್ತಿ ಆಚೆ ನೋಡುವಷ್ಟು ನಾಚಿಕೆಯೂ ಅವರಿಗಿರಲಿಲ್ಲ. ನಿಮ್ಮ ಸೀಮೆಯಲ್ಲೂ ಇಂಥದೊಂದು ಫಲಕ ಇರಬಹುದು, ನೋಡಿ.

“ಅಕ್ಕಾ, ನಮ್ದೊಂದು ಫೋಟೋ ತೆಗೀರಿ,” ಎಂದು ಹುಡುಗನೊಬ್ಬ ಫೋನ್ ಕೊಟ್ಟ. “ಆ ಕಡೆ ಬ್ಯಾಡ್ರಿ, ಆ ಕಡೆ ಏನೂ ಇಲ್ಲ.”

ತೆಗೆದುಕೊಟ್ಟೆ. “ಆ ಕಡೆ ಇದಕ್ಕಿಂತ ಎತ್ತರದ್ದೊಂದು ಗುಡ್ಡ ಇತ್ತು,” ಎಂದೆ. ತಾತ ಬದುಕಿರುವವರೆಗೆ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದಿದ್ದ ಮಾತು.

“ಹೌದೇನ್ರಿ?” ಎಂದ ಹುಡುಗ, ತನ್ನ ಮುಖ ಸರಿಯಾಗಿ ಬಂದಿದೆಯೇ ಎಂದು ನೋಡಿಕೊಳ್ಳುತ್ತ.