ಬೆನ್ನು ಹಾಕಿ ನಿಂತ ವಾಲ್ಟ್ ಮೇಷ್ಟ್ರು

ವಾಲ್ಟ್ ಕ್ರೆನೆಕ್‌ನನ್ನು ಮೊದಲ ಸಲ ನೋಡಿದವರು ಇವನಿಗೇನು ತಲೆ ಕೆಟ್ಟಿದೆಯೇ ಎಂದುಕೊಳ್ಳುತ್ತಿದ್ದರು. ಆಗಸ್ಟ್ ತಿಂಗಳ ಟೆಕ್ಸಸ್ ಬಿಸಿಲು. ಶಾಲೆಯ ಮೈದಾನದಲ್ಲಿ ಫುಟ್‌ಬಾಲ್ ಅಭ್ಯಾಸ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಫುಟ್‌ಬಾಲ್. ಊರಿಗೆ ಊರೇ ಬೇಲಿಗೆ ಆತುಕೊಂಡು ನೋಡುತ್ತಿದ್ದರೆ ಈ ಪುಣ್ಯಾತ್ಮ ಮಾತ್ರ ದೂರದಲ್ಲಿ ಆಟಕ್ಕೆ ಬೆನ್ನು ಹಾಕಿ, ನೀರಿನ ಟ್ಯಾಂಕಿನ ಕಡೆ ಮುಖ ಮಾಡಿ ನಿಂತಿರುತ್ತಿದ್ದ. ಕೈಯಲ್ಲೊಂದು ಹಲಗೆಯ ಚೂರು, ಒಂದು ಪೆನ್ಸಿಲ್.

ಹಗಲು ಮರಗೆಲಸ ಕಲಿಸುವ ಮೇಷ್ಟ್ರು, ಸಂಜೆ ಸಹಾಯಕ ಕೋಚ್. ಇಪ್ಪತ್ತಾರು ವರ್ಷ ಇದೇ ಬದುಕು. ಯಾರ ಎಸೆತ ಎಷ್ಟು ದೂರ, ಯಾರ ಓಟ ಎಷ್ಟು ಚುರುಕು ಎಂಬುದನ್ನೆಲ್ಲ ಮುಖ್ಯ ಕೋಚ್ ಹಾಲಿಸ್ ಪ್ರೂಯಿಟ್ ಗಡಿಯಾರ ಹಿಡಿದು ಅಳೆಯುತ್ತಿದ್ದ. ಆದರೆ ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಇಬ್ಬರು ಸರಿಸಮ ಬಂದು ನಿಂತರೆ ಕೊನೆಯ ತೀರ್ಪು ವಾಲ್ಟ್‌ನ ಕಿವಿಯದು.

ಪ್ರತಿ ಸಲ ಚೆಂಡು ಎತ್ತುವ ಮೊದಲು ಹನ್ನೊಂದು ಜನ ಹುಡುಗರು ಗುಂಪುಗೂಡುತ್ತಾರೆ. ಕ್ವಾರ್ಟರ್‌ಬ್ಯಾಕ್ ತಗ್ಗಿದ ದನಿಯಲ್ಲಿ ಮುಂದಿನ ಆಟ ಹೇಳುತ್ತಾನೆ. ಎಲ್ಲರೂ ಒಂದೇ ಚಪ್ಪಾಳೆ ತಟ್ಟಿ ತಂತಮ್ಮ ಜಾಗಕ್ಕೆ ಓಡುತ್ತಾರೆ. ಆ ಓಟದ ಸದ್ದೊಂದೇ ವಾಲ್ಟ್‌ಗೆ ಬೇಕಾದದ್ದು.

"ಹೇಳಿದವನ ಮೇಲೆ ನಂಬಿಕೆ ಇದ್ರೆ ಹುಡುಗ್ರ ಕಾಲು ಒಟ್ಟಿಗೆ ಎದ್ದುಬಿಡುತ್ತೆ ಕಣಯ್ಯ. ಇಲ್ದಿದ್ರೆ ಅಲ್ಲೊಂದು ಇಲ್ಲೊಂದು ಎಳೀತಿರುತ್ತೆ," ಎನ್ನುತ್ತಿದ್ದ. ಒಟ್ಟಿಗೆ ಎದ್ದರೆ ಹಲಗೆಯ ಮೇಲೆ ನೇರ ಗೆರೆ, ಎಳೆದರೆ ಸೊಟ್ಟ ಗೆರೆ. ಅಬ್ಬಾ, ಅವನ ಕಿವಿಯೇ! ಒಮ್ಮೆಯೂ ತಪ್ಪಿದ್ದಿಲ್ಲ.

ಆ ವರ್ಷ ಸರಿಸಮ ಬಂದವರಲ್ಲಿ ಒಬ್ಬ ಊರಿನ ಬೇಕರಿ ನಡೆಸುವ ಲೂನಾ ಅಮ್ಮನ ಮಗ ಇಸಿದ್ರೋ. ಇನ್ನೊಬ್ಬ ವಾಲ್ಟ್‌ನ ಸ್ವಂತ ಮಗ ಎಮಿಲ್. ಮೂರು ವರ್ಷ ಬೆಂಚಿನ ಮೇಲೆ ಕೂತು ಅವಕಾಶಕ್ಕೆ ಕಾದ ಹುಡುಗ, ಶಾಲೆಯಲ್ಲಿ ಇದೇ ಕೊನೆಯ ವರ್ಷ.

"ಈ ಸಲ ನನ್ನ ಬಿಟ್ಬಿಡಿ ಕೋಚ್," ಎಂದು ವಾಲ್ಟ್ ಗೋಗರೆದ.

"ಬಿಟ್ರೆ? ನಾನು ನಿನ್ನ ಮಗನಿಗೆ ಕೊಟ್ರೆ ದಾಕ್ಷಿಣ್ಯ ಅಂತಾರೆ, ಕೊಡ್ದಿದ್ರೆ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಅಂತಾರೆ. ನಿನ್ನ ಕಿವಿ ಹೇಳಿದ್ರೆ ಈ ಊರಲ್ಲಿ ಒಬ್ಬನೂ ಉಸಿರೆತ್ತಲ್ಲ," ಎಂದ ಪ್ರೂಯಿಟ್.

ಮನೆಯಲ್ಲಿ ಹೆಂಡತಿ ಡಾರ್ಲೀನ್ ತಟ್ಟೆಗೆ ಸಾಸೇಜ್ ಬಡಿಸುತ್ತ, "ಏನಾದ್ರೂ ಮಾಡ್ಕೊಳ್ಳಿ, ನಾನು ಬಾಯಿ ಹಾಕಲ್ಲ. ಅವನಿಗಿದು ಕೊನೇ ವರ್ಷ ಅನ್ನೋದು ನೆನಪಿರಲಿ ಅಷ್ಟೇ," ಎಂದಳು. ಬಾಯಿ ಹಾಕದೆ ಇರುವುದೆಂದರೆ ಇದು!

ಮರುದಿನ ವಾಲ್ಟ್ ಪ್ರೂಯಿಟ್‌ಗೆ ಹೇಳಿದ: "ಇಬ್ಬರನ್ನೂ ಅದಲುಬದಲು ಮಾಡಿ ಕಳಿಸಿ. ಯಾವಾಗ ಯಾರು ಹೇಳ್ತಿದ್ದಾರೆ ಅನ್ನೋದು ನನಗೆ ತಿಳೀಬಾರದು. ಒಬ್ಬ ಹೇಳುವಾಗ ಇನ್ನೊಬ್ಬ ಅದೇ ಗುಂಪಲ್ಲಿ ಓಡಲಿ." ದನಿ ಕೇಳದಷ್ಟು ದೂರ ಹೋಗಿ ಬೆನ್ನು ತಿರುಗಿಸಿದ. ತಲಾ ಹತ್ತು ಸಲ, ಒಟ್ಟು ಇಪ್ಪತ್ತು ಚಪ್ಪಾಳೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ನಮ್ಮಂಥವರಾಗಿದ್ದರೆ ಬೆವರೊರೆಸುವ ನೆಪದಲ್ಲಾದರೂ ಒಮ್ಮೆ ಹಿಂದೆ ನೋಡಿಬಿಡುತ್ತಿದ್ದೆವು. ಆ ಮನುಷ್ಯ ಕತ್ತು ಕೂಡ ಹೊರಳಿಸಲಿಲ್ಲ.

ಪ್ರೂಯಿಟ್ ಹಲಗೆಯನ್ನು, ಯಾವ ಸಲ ಯಾರು ಹೇಳಿದರೆಂದು ತಾನು ಬರೆದಿಟ್ಟ ಚೀಟಿಯ ಪಕ್ಕದಲ್ಲಿಟ್ಟು ನೋಡಿದ.

"ಇಸಿದ್ರೋಗೆ ಹತ್ತರಲ್ಲಿ ಒಂಬತ್ತು ನೇರ. ಎಮಿಲ್‌ಗೆ ನಾಲ್ಕು. ಬೇಕಾದ್ರೆ ನಾಳೆ ಇನ್ನೊಂದ್ಸಲ ನೋಡೋಣ ವಾಲ್ಟ್."

"ಬೇಡ ಕೋಚ್. ಕೇಳಿದ್ದು ಕೇಳಿಯಾಯ್ತು."

ಸುದ್ದಿಯನ್ನು ಬೇರೆಯವರ ಬಾಯಿಗೆ ಬಿಡದೆ ಮಗನಿಗೆ ತಾನೇ ಹೇಳಿದ. ಎಮಿಲ್ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟ. ಡಾರ್ಲೀನ್ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು. ವಾಲ್ಟ್‌ಗೆ ಅನ್ನಾಹಾರ ಸೇರಲಿಲ್ಲ. ಮಗನನ್ನು ಕಳೆದುಕೊಂಡೆನೇನೋ ಎಂದು ಒಳಗೊಳಗೇ ಹೆದರಿಹೋಗಿದ್ದ.

ಮೂರನೆಯ ದಿನ ಎಮಿಲ್ ಶಾಲೆಯ ಮರಗೆಲಸದ ಕೋಣೆಗೆ ತಾನಾಗಿಯೇ ಬಂದ. "ಆ ಹಲಗೆ ಎಲ್ಲಪ್ಪಾ?" ಎಂದು ಕೇಳಿ ಇಸಿಕೊಂಡ. ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿದ.

"ಈ ನೇರ ಗೆರೆಗಳಲ್ಲಿ ಇಸಿದ್ರೋ ಹೇಳಿದಾಗಿನವು ಯಾವ್ಯಾವು?"

ಪ್ರೂಯಿಟ್ ಕೊಟ್ಟಿದ್ದ ಚೀಟಿ ನೋಡಿ ವಾಲ್ಟ್ ತೋರಿಸಿದ.

"ಆಗ ನಾನೂ ಓಡ್ತಿದ್ನಲ್ಲಪ್ಪ," ಎಂದ ಎಮಿಲ್. "ಬೇಕು ಅಂದಿದ್ರೆ ಕಾಲು ಎಳೀಬಹುದಿತ್ತು. ಹಾಗನ್ಕೊಂಡೇ ಹೋಗಿದ್ದೆ. ಅವನು ಹೇಳಿದ ತಕ್ಷಣ ಎಲ್ಲರ ಜೊತೆ ಓಡಿಬಿಟ್ಟೆ."

ವಾಲ್ಟ್ ಮಗನಿಗೆ ಬೆನ್ನು ಹಾಕಿ ಕಿಟಕಿಯ ಕಡೆ ತಿರುಗಿಕೊಂಡ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನು ಹಾಗೆ ನಿಂತದ್ದು ಏನನ್ನೂ ಕೇಳಿಸಿಕೊಳ್ಳುವುದಕ್ಕಲ್ಲ, ತನ್ನ ಕಣ್ಣೀರು ಮಗನಿಗೆ ಕಾಣದಿರಲೆಂದು.