ಅಪ್ಪನ ಎಡೆಯಲ್ಲಿ ನಾನು ಉಂಡದ್ದು

ಕುಡಿತ ಬಿಟ್ಟ ಮೇಲೆ ಬದುಕು ಬಂಗಾರವಾಗುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನನಗೆ ಹಾಗೇನೂ ಆಗಲಿಲ್ಲ. ಬಿಟ್ಟ ಮೊದಲ ವಾರ ಕೈಕಾಲು ನಡುಗಿ, ಬೆವರಿ, ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಕಂಡು ಆಸ್ಪತ್ರೆಯ ಮಂಚದಲ್ಲಿ ಒದ್ದಾಡಿದೆ. ಅದೇ ವಾಸಿ, ಏನೋ ಆಗುತ್ತಿದೆ ಎಂದಾದರೂ ಗೊತ್ತಾಗುತ್ತಿತ್ತು. ಮನೆಗೆ ಬಂದ ಮೇಲೆ ಏನೂ ಆಗಲಿಲ್ಲ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಬಡಿಸಿದರೆ ಉಂಡೆ, ಕರೆದರೆ ಹೋದೆ, ಎಲ್ಲರೂ ನಕ್ಕಾಗ ನಕ್ಕೆ. ಒಳಗೆ ಮಾತ್ರ ಮೇನ್ ಸ್ವಿಚ್ ಆರಿಸಿದ ಮನೆ. ನಾನು ವೈರಿಂಗ್ ಕೆಲಸದವನು, ನನಗೆ ಹೊಳೆಯುವ ಹೋಲಿಕೆಯೂ ಅಂಥದೇ.

ನಮ್ಮೂರು ಕೋಡಿಹಳ್ಳಿಯಿಂದ ಇನ್ನೂ ಒಳಕ್ಕೆ, ದಿನಕ್ಕೆ ನಾಲ್ಕು ಬಸ್ಸು ಬಂದುಹೋಗುವ ಊರು. ಮನೆಯಲ್ಲಿ ಅವ್ವ, ಹೆಂಡತಿ, ನಾನು, ಎರಡು ಸೀಮೆಹಸು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಹೊಟ್ಟೆ ಊದಿ, ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿ ಹೋದ. ಕುಡಿದು ಸತ್ತ ಅನ್ನಲು ನಾಲಿಗೆ ಏಳದೆ ಊರವರು ಕಾಮಾಲೆ ಅಂದರು, ನಾವೂ ಕಾಮಾಲೆ ಅಂದೆವು. ಅವನ ತಿಥಿಯ ದಿನ ನಾನು ಕುಡಿದು ಹಿತ್ತಲಲ್ಲಿ ಬಿದ್ದಿದ್ದೆ.

ಹೆಂಡತಿ ಕುದೂರಿನವಳು. ನಾನು ಕುಡಿಯುತ್ತಿದ್ದ ಕಾಲದಲ್ಲಿ ಎರಡು ಸಲ ಬ್ಯಾಗು ತುಂಬಿಕೊಂಡು ತವರಿಗೆ ಹೋಗಿದ್ದಳು. ಎರಡು ಸಲವೂ ನಾನೇ ಹೋಗಿ, ಅವರಪ್ಪನ ಮುಂದೆ ಆಣೆ ಮಾಡಿ ಕರೆತಂದಿದ್ದೆ. ನಾನು ಆಸ್ಪತ್ರೆಯಿಂದ ಬಂದ ದಿನ ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಹೇಳಿದಳು: "ಇನ್ನೊಂದ್ ಸಲ ಗೊತ್ತಿದ್ದೂ ಗೊತ್ತಿದ್ದೂ ಬಾಯಿಗಿಟ್ರೆ ನಾನು ಹೋಯ್ತೀನಿ. ಆಮೇಲೆ ಕರಿಯಕ್ ಬರಬ್ಯಾಡಿ." ಕೂಗಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಡಾಕ್ಟರು ದಿನಕ್ಕೊಂದು ಮಾತ್ರೆ ಕೊಟ್ಟಿದ್ದರು. ಅದು ಮೈಯಲ್ಲಿರುವಾಗ ಮದ್ಯ ಒಳಗೆ ಹೋದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಜೀವಕ್ಕೇ ಬರಬಹುದೆಂದು ಮೂವರನ್ನೂ ಎದುರು ಕೂರಿಸಿ ಹೇಳಿದ್ದರು. ಮಾತ್ರೆ ನುಂಗಿಸುವುದು ಹೆಂಡತಿಯ ಕೆಲಸ. ಗುರುವಾರ ಗುರುವಾರ ಆಸ್ಪತ್ರೆಗೆ ಹೋಗುವುದು ನನ್ನ ಕೆಲಸ. ಅಲ್ಲಿ ಹಿಂಭಾಗದ ಕೋಣೆಯಲ್ಲಿ ಬಿಟ್ಟವರು, ಬಿಡುತ್ತಿರುವವರು, ಬಿಟ್ಟೆ ಅನ್ನುವವರು, ಹತ್ತು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸುತ್ತ ಕೂರುತ್ತಿದ್ದೆವು. ಗೋಡೆಯ ಫ್ಯಾನು ತಿರುಗುವಾಗಲೆಲ್ಲ ಕಟಕಟ ಅನ್ನುತ್ತಿತ್ತು. ಬೇರಿಂಗ್ ಹೋಗಿದೆ ಎಂದು ಮೊದಲ ದಿನವೇ ಗೊತ್ತಾಗಿತ್ತು. ಸರಿಮಾಡಿ ಕೊಡಲಾ ಎಂದು ಕೇಳಬೇಕು ಅಂತ ನನಗೆ ಅನ್ನಿಸಲೇ ಇಲ್ಲ.

ಆ ಕೋಣೆಯನ್ನು ನಡೆಸುತ್ತಿದ್ದವರು ಆಪ್ತಸಲಹೆ ಕೊಡುವ ಒಬ್ಬ ಮೇಡಂ. ನನಗಿಂತ ಚಿಕ್ಕವರು, ನಮ್ಮ ಕಡೆಯವರಲ್ಲ. ಬುದ್ಧಿ ಹೇಳುತ್ತಿರಲಿಲ್ಲ, ಅದಕ್ಕೇ ಹೋಗುತ್ತಿದ್ದೆ. ಒಮ್ಮೆ ಅವರು ನಮ್ಮೆಲ್ಲರ ಕೈಯಲ್ಲೂ ಒಂದೊಂದು ಹಾಳೆ ಕೊಟ್ಟು, ವರ್ಷದಲ್ಲಿ ಕುಡಿಯದೆ ಇರುವುದು ಕಷ್ಟವಾಗುವ ದಿನಗಳನ್ನೆಲ್ಲ ಬರೆಯಿರಿ ಅಂದರು. ಯುಗಾದಿ ಮಾರನೆಯ ದಿನದ ಹೊಸ್ತೊಡಕು, ಮದುವೆಯ ಹಿಂದಿನ ದಿನ, ಬೀಗರ ಊಟ, ಎಲೆಕ್ಷನ್, ಹೆಣ ಸುಟ್ಟು ಬಂದ ಸಂಜೆ ಎಂದು ಬರೆದೆ. ಒಂದೊಂದಕ್ಕೂ ಒಂದೊಂದು ಉಪಾಯ ಮಾಡಿದೆವು. ಪಿತೃಪಕ್ಷವನ್ನು ನಾನು ಬರೆಯಲಿಲ್ಲ, ಅವರು ಕೇಳಲಿಲ್ಲ. ಅವರ ಮನೆಯ ಹಿರಿಯರು ಎಳ್ಳುನೀರಿಗೆ ತೃಪ್ತರಾಗಿ ಹೋಗುವವರು. ನಮ್ಮವರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ.

ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವುದೆಂದರೆ ಸತ್ತವರು ಬದುಕಿದ್ದಾಗ ಏನೇನು ಇಷ್ಟಪಟ್ಟಿದ್ದರೋ ಅದೆಲ್ಲ ಬಾಳೆಲೆಯ ಮೇಲೆ ಬರಬೇಕು. ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ, ಎಲೆ ಅಡಿಕೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಕಟ್ಟು, ಕುಡಿಯುತ್ತಿದ್ದವರಿಗೆ ಒಂದು ಲೋಟ. ಇಟ್ಟು, ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಬಂದುಬಿಡಬೇಕು. ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತೆಗೆದು, ಎಲೆಯಲ್ಲಿದ್ದುದನ್ನೆಲ್ಲ ಕಲಸಿ, ಮನೆಯ ಹಿರಿಮಗ ಮೊದಲ ತುತ್ತು ತಿನ್ನಬೇಕು. ಉಳಿದದ್ದು ಮಿಕ್ಕವರಿಗೆ.

ಆ ವರ್ಷ ಹಬ್ಬ ಬರುವ ಹೊತ್ತಿಗೆ ನಾನು ಬಿಟ್ಟು ಏಳು ತಿಂಗಳಾಗಿತ್ತು. ಏಳು ತಿಂಗಳೂ ಅವ್ವ ನನ್ನ ಮುಂದೆ ಕೂತು ಬಡಿಸಿದ್ದಳು. "ಉಪ್ಪು ಸಾಕೇನಪ್ಪ?" ಅಂದರೆ ಹೂಂ. "ಖಾರ ಆಯ್ತಾ?" ಅಂದರೂ ಹೂಂ. ಒಂದು ದಿನ ಪರೀಕ್ಷೆ ಮಾಡಲೆಂದು ಸಾರಿಗೆ ಉಪ್ಪನ್ನೇ ಹಾಕದೆ ಬಡಿಸಿದಳಂತೆ. ನಾನು ಉಂಡು ಕೈ ತೊಳೆದು ಎದ್ದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನೋಡಿದೆ. ನೋಡಿಯೂ ನನಗೆ ಏನೂ ಅನಿಸಲಿಲ್ಲ, ಹಸುವಿಗೆ ಹುಲ್ಲು ಹಾಕಲು ಹೋದೆ.

ಎಡೆಯ ವಿಷಯದಲ್ಲಿ ಅವ್ವನಿಗೆ ಇಕ್ಕಟ್ಟಾಗಿತ್ತು. ಬ್ರಾಂದಿ ಇಡದಿದ್ದರೆ ಗಂಡ ಹಸಿದು ಹೋಗುತ್ತಾನೆ, ಇಟ್ಟರೆ ಮಗನ ಕಣ್ಣಿಗೆ ಬೀಳುತ್ತದೆ. ಸತ್ತವನನ್ನೂ ಬಿಡಲಾರಳು, ಇರುವವನನ್ನೂ ಬಿಡಲಾರಳು. ಕೊನೆಗೆ ಪಕ್ಕದ ಮನೆಯವರ ಕೈಲಿ ಗುಟ್ಟಾಗಿ ತರಿಸಿ, ಲೋಟ ಇಡುವ ಬದಲು ಅಪ್ಪನ ಎಲೆಯ ಮಟನ್ ಸಾರಿನ ಮೇಲೆ ಚೆನ್ನಾಗಿಯೇ ಸುರಿದಿದ್ದಳು. ಬಾಗಿಲು ಮುಚ್ಚಿದ ಮೇಲೆ ಅವನು ಬಂದು ಅದನ್ನು ಹೀರಿಕೊಂಡು ಹೋಗುತ್ತಾನೆ, ನಮಗೆ ಉಳಿಯುವುದು ಬರೀ ಮುದ್ದೆ ಸಾರು ಎಂಬುದು ಅವಳ ಲೆಕ್ಕಾಚಾರ. ಹಿರಿಯರು ಉಂಡದ್ದರಲ್ಲಿ ಸಾರ ಇರುವುದಿಲ್ಲ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಅದನ್ನು ಅವಳು ಜೀವಮಾನವಿಡೀ ನಂಬಿದ್ದಳು.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆಗೆದೆವು. ನಾನು ಎಲೆಯ ಮುಂದೆ ಕೂತು, ಕಲಸಿ, ತುತ್ತು ಬಾಯಿಗಿಟ್ಟೆ.

ಕೋಣೆ ತುಂಬ ಧೂಪದ ಹೊಗೆಯಿದ್ದರೂ ಬಾಯಿಗೆ ಬರುವ ಮೊದಲೇ ನನ್ನ ಮೂಗಿಗೆ ಗೊತ್ತಾಯಿತು. ಹದಿನೈದು ವರ್ಷ ಕುಡಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲೇ ಉಗಿದು ಎದ್ದುಬಿಡಬಹುದಿತ್ತು. ಆದರೆ ಆ ತುತ್ತಿನಲ್ಲಿ ಉಪ್ಪಿತ್ತು, ಹುಳಿಯಿತ್ತು, ಕೊತ್ತಂಬರಿ ಇತ್ತು, ಸುಟ್ಟ ಮೆಣಸಿನ ಘಾಟು ಇತ್ತು. ಏಳು ತಿಂಗಳಲ್ಲಿ ಮೊದಲ ಸಲ ನಾನು ಏನನ್ನೋ ತಿನ್ನುತ್ತಿದ್ದೇನೆ ಎಂದು ನನಗೆ ಗೊತ್ತಾಯಿತು. ಎರಡನೇ ತುತ್ತು ತಿಂದೆ. ಮೂರನೆಯದು. ಆಮೇಲೆ ಎಲೆ ಮಡಚಿ, ತಳದಲ್ಲಿ ನಿಂತಿದ್ದ ಸಾರನ್ನೂ ಬಾಯಿಗೆ ಸುರಿದುಕೊಂಡೆ. ಎಲ್ರಿಗೂ ಒಂದೊಂದ್ ತುತ್ತು ಬುಡಪ್ಪ ಎಂದು ಅವ್ವ ಅಂದರೂ ಉಳಿದವರಿಗೆ ಒಂದು ತುತ್ತೂ ಬಿಡಲಿಲ್ಲ. "ಬುಡಿ ಅತ್ತೆ, ಉಣ್ಲಿ. ಎಷ್ಟು ದಿನ ಆಗಿತ್ತು ಹಿಂಗ್ ಉಂಡು," ಎಂದು ಹೆಂಡತಿ ಖುಷಿಯಿಂದ ಹೇಳಿದ್ದು ಕೇಳಿಸಿತು.

ಕೈ ತೊಳೆಯುವಷ್ಟರಲ್ಲಿ ಕಿವಿ ಬಿಸಿಯಾಯಿತು. ಮುಖ ಕಾದ ಹೆಂಚಿನಂತಾಯಿತು, ಎದೆ ಬಡಿತ ಗಂಟಲಲ್ಲಿ ಕೇಳಿಸಿತು, ಜಗುಲಿಯ ಮೇಲೆ ವಾಂತಿ ಮಾಡಿಕೊಂಡು ಬಿದ್ದೆ. ಅಕ್ಕಪಕ್ಕದವರು ಓಡಿಬಂದರು. ವಾಸನೆ ಹಿಡಿದ ಒಬ್ಬರು, "ಹುಟ್ಟುಗುಣ ಸುಟ್ರೂ ಹೋಗಕಿಲ್ಲ ಕಣ್ಲಾ, ಕುಡ್ದವ್ನೆ," ಅಂದರು. ಹೆಂಡತಿ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಗ ಅವ್ವ ಎದೆ ಎದೆ ಬಡಿದುಕೊಂಡು ಕೂಗಿದಳು: "ಅವ್ನು ಕುಡೀಲಿಲ್ಲ ಕಣ್ರೋ! ನಾನೇ ಎಡೆಗ್ ಹುಯ್ದಿದ್ದೆ. ಅವನಿಗೇನ್ ಗೊತ್ತು? ನನ್ ಮಗುಂಗೆ ನಾನೇ ವಿಷ ಇಕ್ಬುಟ್ಟೆ!"

ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಗ್ಲೂಕೋಸ್ ಹಾಕಿದರು, ಎರಡು ದಿನಕ್ಕೆ ಮನೆಗೆ ಕಳಿಸಿದರು. ಮುಂದಿನ ಗುರುವಾರ ಮೇಡಂ ನನ್ನ ಫೈಲಿನಲ್ಲಿ 'ಅರಿಯದೆ ಆದ ಸೇವನೆ' ಎಂದು ಬರೆದರು. "ಎಡೆ ವಿಷಯ ನಾನು ಕೇಳ್ಬೇಕಿತ್ತು, ನನಗೆ ಗೊತ್ತೇ ಇರಲಿಲ್ಲ," ಎಂದು ಪೇಚಾಡಿಕೊಂಡರು. ನಾನು ಫ್ಯಾನಿನ ಕಡೆ ನೋಡುತ್ತಾ ಕೂತಿದ್ದೆ.

ಮನೆಯಲ್ಲಿ ಹೆಂಡತಿ ನನ್ನ ಪರ ನಿಂತುಬಿಟ್ಟಳು. ಆಣೆಯ ಮೇಲೆ ಆಣೆ ಮಾಡಿ ನಂಬಿಸಲಾಗದವಳನ್ನು ಒಂದು ಸುಳ್ಳು ನಂಬಿಸಿತ್ತು. ಅವಳ ಸಿಟ್ಟೆಲ್ಲ ಅವ್ವನ ಮೇಲೆ ತಿರುಗಿತು. ಮಾತು ಬಿಟ್ಟಳು. ಅವ್ವ ಮುಟ್ಟಿದ ಪಾತ್ರೆಯಲ್ಲಿ ನನಗೆ ನೀರನ್ನೂ ಕೊಡಲಿಲ್ಲ. ಒಂದೇ ಮನೆಯಲ್ಲಿ ಒಲೆ ಎರಡಾಯಿತು. ಅವ್ವ ಹಿತ್ತಲ ಬಾಗಿಲಲ್ಲಿ ಮೂರು ಕಲ್ಲು ಹೂಡಿ ಒಬ್ಬಳೇ ಬೇಯಿಸಿಕೊಳ್ಳತೊಡಗಿದಳು. ಡೈರಿಗೆ ಹಾಲು ಹಾಕಲು ಹೋದಾಗ ಯಾರಾದರೂ ಕೇಳಲಿ, ಕೇಳದಿರಲಿ, "ನಾನ್ ಮಗನ್ ಕೊಲ್ಲಕ್ ಹೋದೋಳು," ಎಂದು ಹೇಳಿಕೊಳ್ಳುತ್ತಿದ್ದಳು. ನಾನು ಒಳಗೆ ಮುದ್ದೆ ಮುರಿಯುತ್ತಾ ಅದನ್ನೆಲ್ಲ ಕೇಳಿಸಿಕೊಂಡೆ. ಬಾಯಿ ಬಿಟ್ಟರೆ ಹೆಂಡತಿ ಹೋಗುತ್ತಾಳೆ, ಬಿಡದಿದ್ದರೆ ಅವ್ವ ಹೀಗೇ ಸವೆಯುತ್ತಾಳೆ. ಎರಡೂ ಗೊತ್ತಿತ್ತು, ಎರಡೂ ನನಗೆ ತಟ್ಟುತ್ತಿರಲಿಲ್ಲ. ರುಚಿ ಮತ್ತೆ ಹೋಗಿಬಿಟ್ಟಿತ್ತು. ಮೂರು ಗುರುವಾರ ಸುಮ್ಮನಿದ್ದೆ.

ನಾಲ್ಕನೆಯ ಗುರುವಾರ ಎಲ್ಲರೂ ಎದ್ದುಹೋದ ಮೇಲೆ ಮೇಡಂಗೆ ಹೇಳಿದೆ.

"ಫೈಲ್‌ನಲ್ಲಿ ಬರ್ದಿರೋದು ತಪ್ಪು ಮೇಡಂ. ನಂಗೆ ಗೊತ್ತಿತ್ತು."

"ಯಾವಾಗ ಗೊತ್ತಾಯ್ತು?"

"ಮೊದಲ ತುತ್ತಿಗೇ. ಕರೆಂಟ್ ಬಂದಂಗಾಯ್ತು. ಅದಕ್ಕೇ ಪೂರ್ತಿ ತಿಂದೆ. ಅವ್ವ ಮಾತ್ರ ಎಲ್ಲಾ ತನ್ನಿಂದ್ಲೇ ಆಯ್ತು ಅಂತ ಕೊರಗ್ತಾವ್ಳೆ."

ಅವರು ಬೈಯಲಿಲ್ಲ. ಬರೆದದ್ದನ್ನು ಹೊಡೆದುಹಾಕಿದರು. ಕುಡಿತ ಬಿಟ್ಟವರಿಗೆ ಹೀಗೆ ಒಳಗೆಲ್ಲ ಬಣಬಣ ಅನ್ನಿಸುವುದುಂಟು, ನಿಧಾನಕ್ಕೆ ಹೋಗುತ್ತದೆ, ಡಾಕ್ಟರ ಹತ್ತಿರವೂ ಮಾತಾಡೋಣ ಅಂದರು. ಆಮೇಲೆ, "ನನಗೆ ಹೇಳಿದ್ದು ಒಳ್ಳೇದಾಯ್ತು. ಆದ್ರೆ ಶಿಕ್ಷೆ ಅನುಭವಿಸ್ತಿರೋದು ನಾನಲ್ವಲ್ಲ," ಅಂದರು.

ಮನೆಗೆ ಬಂದಾಗ ಮಧ್ಯಾಹ್ನ. ಅವ್ವ ಹಿತ್ತಲ ಬಾಗಿಲಲ್ಲಿ ಒಲೆ ಊದುತ್ತಿದ್ದಳು, ಹೆಂಡತಿ ಒಳಗೆ ಪಾತ್ರೆ ಜೋಡಿಸುತ್ತಿದ್ದಳು. ಇಬ್ಬರಿಗೂ ಕೇಳಿಸುವಂತೆ ನಡುಮನೆಯಲ್ಲಿ ನಿಂತು ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ.

ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. "ಎಷ್ಟು ತುತ್ತು?"

"ಎಲೆ ಪೂರ್ತಿ."

ಅವಳು ಕೋಣೆಗೆ ಹೋಗಿ ಬ್ಯಾಗು ಇಳಿಸಿದಳು. ನಾನು ಅವ್ವನ ಕಡೆ ತಿರುಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅವಳು ಸೊಸೆಯನ್ನು ತಡೆಯುತ್ತಾಳೆ, ಹೋಗ್ಲಿ ಬಿಡಪ್ಪ ಅನ್ನುತ್ತಾಳೆ ಎಂದು ಕಾದೆ. ಅವ್ವ ಒಲೆಯ ಕೊಳ್ಳಿಗೆ ನೀರು ಚಿಮುಕಿಸಿದಳು, ಕೈ ತೊಳೆದಳು.

"ತಿಂಗ್ಳ್ ದಿವ್ಸ ನಾನು ಮಗನ್ ಕೊಂದೋಳು ಅಂತ ಊರೆಲ್ಲ ಹೇಳ್ಕಂಡ್ ತಿರುಗ್ದೆ. ನೀನ್ ಒಳಗೆ ಕುಂತ್ಕಂಡು ಕೇಳಿಸ್ಕತಿದ್ದೆ," ಅಂದಳು. ಆಮೇಲೆ ಕೋಣೆಯ ಕಡೆಗೆ ಕೂಗಿದಳು: "ನಂದೂ ಎರಡು ಸೀರೆ ಹಾಕ್ಕೊ ಕಣವ್ವ."

ಹೆಂಡತಿ ಹೊರಗೆ ಬಂದು, ತಿಂಗಳಾದ ಮೇಲೆ ಮೊದಲ ಸಲ ಅವಳನ್ನು ಮಾತಾಡಿಸಿದಳು. "ನೀವ್ ಎಲ್ಲಿಗತ್ತೆ?"

"ನಿಮ್ಮೂರ್ಗೆ. ಫ್ರೀ ಬಸ್ಸು ನಿಂಗೊಬ್ಳಿಗೇಯಾ? ನಂಗೂ ಕಾರ್ಡೈತೆ."

ಹೆಂಡತಿ ಒಳಗೆ ಹೋಗಿ ಎರಡು ಸೀರೆ ತಂದು ಬ್ಯಾಗಿಗೆ ತುರುಕಿದಳು. ಬ್ಯಾಗು ಹಿಡಿಯಲು ಹೋದೆ, ಕೊಡಲಿಲ್ಲ. ಅವರಿಬ್ಬರೂ ಮುಂದೆ, ನಾನು ಹಿಂದೆ, ಬಸ್ ಸ್ಟಾಪಿನವರೆಗೂ ನಡೆದೆವು. ಬಸ್ಸು ಬಂತು. ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂತರು. ಹೆಂಡತಿ ಅವ್ವನ ತೊಡೆಯ ಮೇಲಿಂದ ಬ್ಯಾಗು ತೆಗೆದು ತನ್ನ ಕಾಲಡಿ ಇಟ್ಟುಕೊಂಡಳು. ಇಬ್ಬರಲ್ಲಿ ಒಬ್ಬರೂ ನನ್ನ ಕಡೆ ತಿರುಗಲಿಲ್ಲ.

ಬಸ್ಸು ಹೊರಟು ಕೆರೆ ಏರಿಯ ತಿರುವಿನಲ್ಲಿ ಮರೆಯಾದ ಮೇಲೆ, ನನಗೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ನೋವಾಗುತ್ತಿತ್ತು, ತುಂಬ ನೋವಾಗುತ್ತಿತ್ತು. ಕಂಬ ಹಿಡಿದುಕೊಂಡು, ಮೂಗು ಬಾಯಿ ಸುರಿಸಿಕೊಂಡು ಗಟ್ಟಿಯಾಗಿ ಅತ್ತೆ. ದೊಡ್ಡವನಾದ ಮೇಲೆ ಕುಡಿಯದೆ ಅತ್ತದ್ದು ಅದೇ ಮೊದಲು. ಸ್ಟಾಪಿನಲ್ಲಿ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಮತ್ತೆ ಕುಡ್ದವ್ನೆ ಕಣ್ಲಾ," ಎಂದು ಆಚೆ ಸರಿದರು.