ಆಚೆ ಕಡೆ ಮೊದಲು

ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಖದ ಮುಂದೆ ಚಾಚಿ, ಇಳಕಲ್ ಸೀರೆಯ ಸೆರಗನ್ನು ಮಳೆ ಜಾಕೆಟ್ಟಿನೊಳಗೆ ತುರುಕಿಕೊಂಡು ಅಕ್ಕ ನನ್ನ ಮನೆಯ ಮರದ ಡೆಕ್ಕಿನ ಮೇಲೆ ಎದುರು ಗುಡ್ಡಕ್ಕೆ ಗುರಿ ನೋಡುತ್ತ ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪರದೇಶದ ಈ ವುಡಿನ್‌ವಿಲ್ ಊರಿನಲ್ಲಿ ನಾನೊಬ್ಬಳೇ ಇರುವ ಮನೆ ತಗ್ಗಿನಲ್ಲಿ, ಅವರದು ಎದುರು ಗುಡ್ಡದ ಮೇಲೆ. ನಮ್ಮ ಬೀದಿಗೆ ಆಗ ಒಳ್ಳೆಯ ಇಂಟರ್ನೆಟ್ ಬಂದಿರಲಿಲ್ಲ. ಮೀಟಿಂಗಿನ ನಡುವೆ ನಾನು ಮಾಯವಾಗುತ್ತೇನೆಂದು ಅವರ ಮನೆಯ ಊಟದಲ್ಲಿ ಗೋಳಾಡಿದ್ದೇ ತಡ, ಮುಂದಿನ ಶನಿವಾರ ಎರಡು ಪುಟ್ಟ ಡಿಶ್ ಆಂಟೆನಾ ತಂದರು. ಒಂದನ್ನು ತಮ್ಮ ಚಾವಣಿಗೆ, ಇನ್ನೊಂದನ್ನು ನನ್ನ ಡೆಕ್ಕಿನ ಕಂಬಕ್ಕೆ ಬಿಗಿಸಿ, ತಮ್ಮ ಇಂಟರ್ನೆಟ್ಟನ್ನು ಗಾಳಿಯಲ್ಲೇ ನನಗೆ ಕಳಿಸಿಬಿಟ್ಟರು.

ಅಕ್ಕ ಹುಬ್ಬಳ್ಳಿಯವರು, ರೇಡಿಯೋ ಇಂಜಿನಿಯರ್ ಆಗಿ ನಿವೃತ್ತರಾದವರು. ಒಡಹುಟ್ಟಿದವರಲ್ಲ, ಆದರೆ ಅವರು ನನ್ನನ್ನು ‘ತಂಗಿ’ ಎಂದ ಮೇಲೆ ನನಗೆ ಬೇರೆ ದಾರಿಯಿರಲಿಲ್ಲ.

ಒಮ್ಮೆ ಸಿಗ್ನಲ್ ಕುಂಟತೊಡಗಿತು. ನಾನು ಅವರ ಮನೆಗೆ ಹೋಗಿ, “ಅಕ್ಕ, ಡಿಶ್ ಪವರ್ ಜಾಸ್ತಿ ಮಾಡ್ಬಿಡೋಣ್ವಾ?” ಎಂದೆ.

“ಯಾಕ ಒದರ್ತಿ? ಎಲ್ಲಾರೂ ಒದರಿದ್ರ ಯಾರ ಮಾತೂ ಕೇಳ್ಸಂಗಿಲ್ಲ. ಮೊದ್ಲ ಸುಮ್ನ ಕೂತು ಕೇಳು. ಗದ್ದಲ ಎಲ್ಲಿ ಇಲ್ಲೋ ಅಲ್ಲಿ ಹೋಗೂಣು.”

ಲ್ಯಾಪ್‌ಟಾಪಿನಲ್ಲಿ ಗೆರೆಗಳು ಏರಿಳಿಯುತ್ತಿದ್ದವು. ಎತ್ತರದ ಗೆರೆಯೆಂದರೆ ಆ ಫ್ರೀಕ್ವೆನ್ಸಿಯಲ್ಲಿ ಸುತ್ತಲ ಮನೆಗಳ ಗದ್ದಲ. ಚಹಾ ಮುಗಿಯುವವರೆಗೂ ಅಕ್ಕ ಅದನ್ನೇ ನೋಡುತ್ತ ಕುಳಿತರು. ಕೊನೆಗೆ ಖಾಲಿ ಜಾಗವೊಂದನ್ನು ತೋರಿಸಿ, “ಹಾಕು” ಎಂದರು. ನಾನು ಆತುರಗಾರ್ತಿ. ಅವರ ಚಾವಣಿಯ ಡಿಶ್‌ನ ಫ್ರೀಕ್ವೆನ್ಸಿಯನ್ನೇ ಮೊದಲು ಬದಲಿಸಿಬಿಟ್ಟೆ. ತಕ್ಷಣ ಎರಡೂ ಡಿಶ್‌ಗಳ ನಡುವಿನ ಲಿಂಕ್ ಕಡಿದುಬಿತ್ತು. ನನ್ನ ಮನೆಯ ಡಿಶ್ ಹಳೆಯ ಫ್ರೀಕ್ವೆನ್ಸಿಯಲ್ಲೇ ಉಳಿಯಿತು. ಅದಕ್ಕೆ ಸುದ್ದಿ ಮುಟ್ಟಿಸುವ ದಾರಿಯೇ ಇಲ್ಲ. ಅದನ್ನು ಸರಿಮಾಡಲು ಇಬ್ಬರೂ ಕಾರು ಹತ್ತಿ ಗುಡ್ಡ ಇಳಿಯಬೇಕಾಯಿತು. ದಾರಿಯುದ್ದಕ್ಕೂ ಅಕ್ಕ ನಕ್ಕರು.

“ಆಚಿ ಕಡೆ ಮೊದ್ಲ, ತಂಗಿ. ಈಚಿ ಕಡೆ ಹೆಂಗೂ ನಿನ್ನ ಕೈಯಾಗ ಅದ.”

ಅವರು ಬದುಕಿದ್ದೂ ಹಾಗೆಯೇ. ಚಳಿಗಾಲದ ಬಿರುಗಾಳಿಗೆ ಮರ ಬಿದ್ದು ನಮ್ಮ ಕಡೆ ಕರೆಂಟು ಹೋದರೆ, ಅವರ ಪರದೆಯಲ್ಲಿ ನನ್ನ ಮನೆ ಮಾಯವಾಗುತ್ತಿತ್ತು. ಮರುಕ್ಷಣವೇ ಫೋನು. “ನಿನ್ನ ಲಿಂಕ್ ಬಿದ್ದದಲ್ಲ, ಆರಾಮ ಇದ್ದಿಯಿಲ್ಲ?” ನಾನು ಏನೇ ಹೇಳಲಿ, ಸ್ವಲ್ಪ ಹೊತ್ತಿಗೆ ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ರೊಟ್ಟಿ ಹಿಡಿದು ಬಾಗಿಲಲ್ಲಿರುತ್ತಿದ್ದರು. ಈ ದೇಶದಲ್ಲಿ ನಾನು ಇದ್ದೇನೋ ಇಲ್ಲವೋ ಎಂದು ದಿನವೂ ನೋಡುತ್ತಿದ್ದವರು ಅವರೊಬ್ಬರೇ.

ಒಂದು ಚಳಿಗಾಲದಲ್ಲಿ ಅಕ್ಕ ಕಾಯಿಲೆಯಿಂದ ಹಾಸಿಗೆ ಹಿಡಿದ ಮೇಲೆ ಮತ್ತೊಮ್ಮೆ ಸಿಗ್ನಲ್ ಕೆಟ್ಟಿತು. ಫೋನಿನಲ್ಲಿ, “ಈ ಸಲ ನಿನ್ನ ಮನ್ಯಾಗಿಂದ ನೀನ ಮಾಡು” ಎಂದರು. ಸುಮ್ಮನೆ ಕುಳಿತು ಗೆರೆಗಳನ್ನು ನೋಡಿದೆ. ಖಾಲಿ ಜಾಗ ಹುಡುಕಿದೆ. ಮೊದಲು ಗುಡ್ಡದ ಡಿಶ್‌ನ ಫ್ರೀಕ್ವೆನ್ಸಿ ಬದಲಿಸಿದೆ, ಲಿಂಕ್ ಬಿತ್ತು. ಆಮೇಲೆ ನನ್ನದನ್ನು ಬದಲಿಸಿ ಕಾದೆ. ಹಸಿರು ದೀಪ ಹತ್ತಿತು.

“ಬಂತು ಅಕ್ಕ.”

“ಚೊಲೋ ಆತು. ಇನ್ನ ನಾ ಆಚಿ ಕಡೆ ಆದ್ನಿ, ನೋಡು” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆ ಚಳಿಗಾಲ ಮುಗಿಯುವ ಮೊದಲೇ ಅಕ್ಕ ಹೋದರು. ಅವರ ಮಗಳು ಗುಡ್ಡದ ಮನೆ ಮಾರಿದಳು, ಕೊಂಡವರು ಚಾವಣಿಯ ಡಿಶ್ ಇಳಿಸಿದರು. ನಮ್ಮ ಬೀದಿಗೂ ಇಂಟರ್ನೆಟ್ ಕೇಬಲ್ ಬಂತು. ಹಾಕಲು ಬಂದವನು ಡೆಕ್ಕಿನ ಡಿಶ್ ತೋರಿಸಿ, ಇದನ್ನು ತೆಗೆಯಲೇ ಎಂದು ಕೇಳಿದ. ಬೇಡವೆಂದೆ.

ಈಗ ಗಾಳಿ ಬೀಸಿ ಕರೆಂಟು ಹೋದಾಗ ಫೋನು ಕೈಯಲ್ಲಿ ಹಿಡಿದು ಕೂರುತ್ತೇನೆ. ಅಕ್ಕ ಬೇಕು ಎನಿಸುತ್ತದೆ, ಅಷ್ಟೇ. ಕರೆಂಟು ಬಂದ ಕೂಡಲೇ, ಈಗಲೂ ಗುಡ್ಡದತ್ತ ಮುಖ ಮಾಡಿರುವ ಡಿಶ್ ಅವರ ಕೊನೆಯ ಫ್ರೀಕ್ವೆನ್ಸಿಯಲ್ಲೇ ಮತ್ತೆ ಹುಡುಕತೊಡಗುತ್ತದೆ. ಅದನ್ನು ನಿಲ್ಲಿಸುವುದು ನನ್ನ ಕೈಯಲ್ಲೇ ಇದೆ. ನಿಲ್ಲಿಸಿಲ್ಲ.